ಹುಳ ಹಣ್ಣಾದ ಭಾನುವಾರ

ಬರೆಯುವವರಿಗೆ ಇರಬಾರದ ಚಟಗಳಲ್ಲಿ ಹೊಗಳಿಸಿಕೊಳ್ಳುವ ಚಟವೇ ಕೆಟ್ಟದ್ದು ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ, ಎಷ್ಟು ಚೆನ್ನಾಗಿ ಹೇಳಿದಿರಿ ಅಂತ ಯಾರಾದರೂ ಅಂದಾರೇನೋ ಎಂದು ಸುತ್ತ ಒಮ್ಮೆ ನೋಡಿದ್ದೇನೆ. ನಾನು ಹೈಸ್ಕೂಲು, ಪಿಯುಸಿ ಓದುವ ವಯಸ್ಸಿನವರಿಗೆ ಕಾದಂಬರಿ ಬರೆಯುವವಳು. ಇದನ್ನು ಕೇಳಿದ ಕೂಡಲೇ ನಮ್ಮ ಕಡೆಯವರು "ಓ, ಮಕ್ಕಳ ಕತೆನಾ?" ಅನ್ನುತ್ತಾರೆ. ಅಲ್ಲ ಅಂದರೆ "ಮತ್ತೆ ದೊಡ್ಡೋರದಾ?" ಅಂತ ಒಂಥರಾ ನೋಡುತ್ತಾರೆ. ಒಬ್ಬ ಪ್ರಕಾಶಕರಂತೂ ಹಸ್ತಪ್ರತಿಯನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, "ಇದನ್ನ ಯಾವ ಕಪಾಟಲ್ಲಿ ಇಡೋದು ಅಂತಾನೇ ಗೊತ್ತಾಗ್ತಿಲ್ಲ ಮೇಡಂ" ಎಂದು ವಾಪಸು ಕಳಿಸಿದರು. ನನಗೇನು ಗೊತ್ತು ಸ್ವಾಮಿ? ಹೊಂಗನೂರಿನ ನಮ್ಮ ಮನೆಯಲ್ಲಿ ಇರುವ ಅಟ್ಟಣೆಗಳಲ್ಲೆಲ್ಲ ರೇಷ್ಮೆ ಹುಳ ಮಲಗಿವೆ.

ಕಪಾಟು ಸಿಗದಿದ್ದರೆ ಹೋಗಲಿ, ಓದುಗರನ್ನಾದರೂ ಹುಡುಕಿಕೊಳ್ಳೋಣ ಅಂತ ಫೋನಿನಲ್ಲಿ ಒಂದು ಗ್ರೂಪು ಮಾಡಿದೆ. ಶನಿವಾರಕ್ಕೊಂದು ಅಧ್ಯಾಯ ಹಾಕುತ್ತಿದ್ದೆ. ಮೊದಲು ಪಕ್ಕದ ಮನೆಯ ಭೂಮಿಕಾ ಒಬ್ಬಳೇ ಇದ್ದಳು. ಅವಳು ಕಾಲೇಜಿನ ಬಸ್ಸಿನಲ್ಲಿ ಗೆಳತಿಯರಿಗೆ ಓದಿ ಹೇಳಿದಳು, ವರ್ಷ ತುಂಬುವಷ್ಟರಲ್ಲಿ ಮೂವತ್ತೆಂಟು ಜನವಾದರು. ಮಾತಿನಲ್ಲಿ ದಾಕ್ಷಿಣ್ಯವೇ ಇಲ್ಲದವರು. "ಅಕ್ಕ, ನಿಮ್ ಕತೆ ಹುಡ್ಗಿ ಯಾಕಿಷ್ಟು ಅಳ್ತಳೆ? ಒಸಿ ಬೈಯೋದು ಕಲಿಸಿ" ಅಂತ ಬರೆಯುವವರು. ನಾನು ಮುನಿಸಿಕೊಂಡು, ಎರಡು ದಿನ ಬಿಟ್ಟು, ಅವರು ಹೇಳಿದಂತೆಯೇ ತಿದ್ದುತ್ತಿದ್ದೆ. ಹಾಗೆ ತಿದ್ದಿಸಿಕೊಂಡೇ ನಾನು ಬರಹಗಾರ್ತಿಯಾದದ್ದು, ಹೇಳಲು ನಾಚಿಕೆಯಿಲ್ಲ. ಕೊನೆಗೆ ಇನ್ನೊಬ್ಬ ಪ್ರಕಾಶಕರು ಒಪ್ಪಿದರು, ಪುಸ್ತಕ ಅಚ್ಚಾಯಿತು. ಬಿಡುಗಡೆಗೆ ರಾಮನಗರದಲ್ಲೊಂದು ಸಣ್ಣ ಸಭಾಂಗಣ, ಭಾನುವಾರ ಹನ್ನೊಂದು ಗಂಟೆ, ಅಧ್ಯಕ್ಷತೆಗೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು. ನನಗೆ ಮೇಷ್ಟ್ರ ಭಾಷಣ ಮುಖ್ಯವಾಗಿರಲಿಲ್ಲ. ಆ ಮೂವತ್ತೆಂಟು ಮುಖಗಳನ್ನು ಒಟ್ಟಿಗೆ ನೋಡಬೇಕಿತ್ತು. ನಾನು ನಿಜವಾಗಿಯೂ ಬರಹಗಾರ್ತಿಯೋ, ಫೋನಿನೊಳಗಿನ ಬರಹಗಾರ್ತಿಯೋ ಅಂತ ಗೊತ್ತಾಗಬೇಕಿತ್ತು.

ನಮ್ಮ ಹುಳ ಮಂಗಳವಾರ ಹಣ್ಣಾಗಬೇಕು ಅಂತ ಬೆರಳು ಮಡಚಿ ಎಣಿಸಿಯೇ ದಿನ ಗೊತ್ತು ಮಾಡಿದ್ದು. ಹುಳ ಹಣ್ಣಾಯಿತೆಂದರೆ ಸೊಪ್ಪು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಅವತ್ತು ಒಂದೊಂದನ್ನೂ ಕೈಯಲ್ಲಿ ಆಯ್ದು ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಚಂದ್ರಿಕೆ ತಟ್ಟೆಗೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಇಡೀ ಬೆಳೆ ಹಾಳು. ಆ ವಾರ ಬಿಸಿಲು ಜಾಸ್ತಿಯಾಗಿ ಲೆಕ್ಕ ತಪ್ಪಿತು. ಭಾನುವಾರ ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ ಮೂಲೆಯಲ್ಲಿ ಹತ್ತಾರು ಹುಳ ತಲೆ ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು. ನಾನು ನೋಡಲಿಲ್ಲ. ಅಂದರೆ ನೋಡಿದೆ, ನೋಡಲಿಲ್ಲ ಅಂತ ತೀರ್ಮಾನ ಮಾಡಿದೆ. ರೇಷ್ಮೆ ಸೀರೆ ಉಟ್ಟು ಹೊರಬಂದಾಗ ಅತ್ತೆ ಹುಳುಮನೆ ಬಾಗಿಲಲ್ಲಿ ನಿಂತಿದ್ದರು. ಅವರ ಕಣ್ಣಿಗೆ ಬೀಳದ ಹುಳ ಉಂಟೇ? "ಹೋಗ್ ಮಗ, ನಿನ್ ಕೆಲ್ಸ ನೀನ್ ನೋಡ್ಕ. ಒಸಿ ಬಿರ್ರನೆ ಬಂದ್ಬುಡು" ಅಂದರು ಅಷ್ಟೆ. ಬೈದಿದ್ದರೆ ಸುಖವಾಗಿ ಹೋಗುತ್ತಿದ್ದೆ.

ಹನ್ನೊಂದೂವರೆಗೆ ಸಭಾಂಗಣದಲ್ಲಿ ಇದ್ದವರು ಮೇಷ್ಟ್ರು, ಮೇಷ್ಟ್ರ ಹೆಂಡತಿ, ಬೀಗ ತೆಗೆದವನು, ಮತ್ತು ಫ್ಯಾನಿನ ಕೆಳಗೆ ಒಳ್ಳೆಯ ನಿದ್ದೆಯಲ್ಲಿದ್ದ ಯಾರೋ ಒಬ್ಬರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ರುಖ್ಸಾನಾ ಓಡಿಬಂದಳು. ರಾಮನಗರದಲ್ಲೇ ಅವಳ ಅಪ್ಪ ಗೂಡಿನಿಂದ ನೂಲು ತೆಗೆಯುವವರು. ಗ್ರೂಪಿನಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವಳದು.

"ಅಕ್ಕ, ಗ್ರೂಪ್ ನೋಡೇ ಇಲ್ವಾ? ಎಲ್ಲರ ಮನೇಲೂ ಹುಳ ಹಣ್ಣಾಗಿಬಿಟ್ಟಿದೆಯಂತೆ!"

ತಲೆ ಚಚ್ಚಿಕೊಂಡೆ. ನಮ್ಮೂರ ಸುತ್ತಿನವರೆಲ್ಲ ಮರಿ ಹುಳ ತಂದದ್ದು ಒಂದೇ ಕಡೆಯಿಂದ, ಒಂದೇ ದಿನ. ನಮ್ಮ ಹುಳ ಹಣ್ಣಾದರೆ ಅವರದು ಬಿಡುತ್ತದೆಯೇ? ಇಡೀ ಕಾದಂಬರಿ ನೇಯ್ದ ತಲೆಗೆ ಇಷ್ಟು ಹೊಳೆಯಲಿಲ್ಲ. ಫೋನ್ ತೆಗೆದರೆ ಭೂಮಿಕಾಳ ಸಂದೇಶ: "ಸಾರಿ ಅಕ್ಕ. ಕೈ ತುಂಬ ಹುಳ. ಅಳು ಬತ್ತೈತೆ."

ಮೇಷ್ಟ್ರು ಎದ್ದರು. "ಓದುಗರು ಎಲ್ಲಿದ್ದಾರೋ ಅಲ್ಲೇ ಬಿಡುಗಡೆ ಆಗಲಿ, ನಡಿಯಮ್ಮ" ಎಂದು ಪುಸ್ತಕದ ಕಟ್ಟನ್ನು ತಾವೇ ಎತ್ತಿ ಕಾರಿಗೆ ಹಾಕಿದರು. ರುಖ್ಸಾನಾಳೂ ಹತ್ತಿದಳು.

ಹೊಂಗನೂರು ತಲುಪಿ ನಮ್ಮ ಹುಳುಮನೆಯ ಕಿಟಕಿಯಲ್ಲಿ ಇಣುಕಿದರೆ ಒಳಗೆ ಅತ್ತೆಯ ಸುತ್ತ ಏಳು ಹುಡುಗಿಯರು, ಇಬ್ಬರು ಹುಡುಗರು! ಎಲ್ಲರೂ ನನ್ನ ಗ್ರೂಪಿನವರೇ. "ಅಕ್ಕ ಬುಕ್ಕಿನ ಫಂಕ್ಷನ್ನಿಗೆ ಹೋಗವ್ರೆ, ಅಜ್ಜಿ ಒಬ್ರೇ ಆಯ್ತಾರೆ ಅಂತ ಮನೆಗೊಬ್ರು ಬಂದೊ" ಅಂದಳು ಭೂಮಿಕಾ, ತಲೆ ಎತ್ತದೆ. ತಮ್ಮ ಮನೆಯ ಹುಳ ಬಿಟ್ಟು ನನ್ನ ಮನೆಯ ಹುಳ ಆಯಲು ಬಂದ ಓದುಗರು ಇನ್ಯಾವ ಸಾಹಿತಿಗಿದ್ದಾರೆ, ಹೇಳಿ ನೋಡೋಣ. ಎದೆಯುಬ್ಬಿಸಿಕೊಂಡೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಒಳಗೆ ಹೋಗಿ ಕೂತೆ.

ಮೇಷ್ಟ್ರು ಚಪ್ಪಲಿ ಬಿಟ್ಟು, ಹುಳಕ್ಕೆ ಸೋಂಕು ತಗುಲದಿರಲೆಂದು ಹೊಸ್ತಿಲಲ್ಲಿ ಇಟ್ಟಿದ್ದ ಔಷಧಿ ನೀರಿನಲ್ಲಿ ಕಾಲು ಅದ್ದಿ, ಗಂಭೀರವಾಗಿ ಬಾಗಿಲಿಗೆ ಬಂದರು. ಅತ್ತೆ ಮೂಗರಳಿಸಿದರು.

"ಸ್ವಾಮಿ, ನಶ್ಯ ಹಾಕ್ತೀರಾ?"

"ಕಾಲೇಜಿಗೆ ಸೇರಿದ ದಿನದಿಂದ" ಅಂದರು ಮೇಷ್ಟ್ರು ಹೆಮ್ಮೆಯಿಂದ.

"ಹಂಗಾರೆ ಆಚೆಲೇ ನಿಂತ್ಕಳಿ. ಹೊಗೆಸೊಪ್ಪು ಹುಳುಕ್ಕೆ ಆಗಾಕಿಲ್ಲ."

ಹೀಗೆ ನನ್ನ ಮೊದಲ ಕಾದಂಬರಿ, ನೊಣ ಬಾರದಿರಲೆಂದು ಹಾಕಿದ ಕಿಟಕಿಯ ಬಲೆಯಾಚೆಯಿಂದ ಬಿಡುಗಡೆಯಾಯಿತು. ಮೇಷ್ಟ್ರು ಪುಸ್ತಕ ಎತ್ತಿ ಹಿಡಿದು, ಅಧ್ಯಕ್ಷ ಭಾಷಣವನ್ನು ಒಂದೂ ಮಾತು ಬಿಡದೆ ಕಿಟಕಿಗೆ ಒಪ್ಪಿಸಿದರು. ಯಾರ ಕೈಯೂ ಖಾಲಿ ಇರಲಿಲ್ಲವಾದ್ದರಿಂದ ಚಪ್ಪಾಳೆ ಬೀಳಲಿಲ್ಲ. ಹುಳ ಮುಟ್ಟಿ ಗೊತ್ತಿಲ್ಲದ ರುಖ್ಸಾನಾಳನ್ನು ಮಧ್ಯೆ ಕೂರಿಸಿ ಮೊದಲ ಅಧ್ಯಾಯ ಓದಿಸಿದೆವು. ಅತ್ತೆ ನನ್ನ ಬರವಣಿಗೆಯನ್ನು ಕೇಳಿದ್ದು ಅವತ್ತೇ ಮೊದಲು. ಅಧ್ಯಾಯದ ಕೊನೆಗೆ ನನ್ನ ನಾಯಕಿ, ಮನೆಯಲ್ಲಿ ಹುಳ ಹಣ್ಣಾಗಿದ್ದರೂ, ಕಬಡ್ಡಿ ಆಯ್ಕೆಗೆಂದು ಮನೆಬಿಟ್ಟು ಬಸ್ಸು ಹತ್ತುತ್ತಾಳೆ.

ಅತ್ತೆಯ ಕೈ ನಿಂತಿತು. "ಇದ್ಯಾಕೋ ಸುಳ್ಳು ಕಣವ್ವ. ಹುಳ ಹಣ್ಣಾದ ದಿನ ಮನೆ ಬುಟ್ಟು ಹೋಗೋ ಹೆಣ್ಣು ಯಾವ ಊರಲ್ಲಾರ ಐತಾ?"

ಒಂಬತ್ತೂ ಕತ್ತುಗಳು ಮೆಲ್ಲಗೆ ನನ್ನ ರೇಷ್ಮೆ ಸೀರೆಯ ಕಡೆ ತಿರುಗಿದವು. ಕಿಟಕಿಯಾಚೆ ಮೇಷ್ಟ್ರು ಕೆಮ್ಮಿದರು. ಅತ್ತೆಯೂ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮತ್ತೆ ಹುಳಕ್ಕೆ ಕೈ ಹಾಕಿದರು.

"ಇರ್ಲಿ, ಓದವ್ವ ಮುಂದಕ್ಕೆ. ಒಬ್ಬೊಬ್ರು ಇರ್ತರೆ."