ಒಂದು ಗೇಣು ಗೋಡೆ, ಒಂದು ವೈಫೈ ಡಬ್ಬಿ

ನಮ್ಮ ಚಿಕ್ಕಮಾವ ಕೂತಿದ್ದನ್ನು ನೋಡಿದವರು ಗೆಟ್ಟವಾಡಿಯಲ್ಲಿ ಯಾರೂ ಇಲ್ಲ. ಸುಳ್ಳು ಅನ್ನಿಸಿದರೆ ಅವರ ಮದುವೆ ಫೋಟೋ ನೋಡಿ! ಅತ್ತೆ ಚೆನ್ನಾಗಿ ಬಿದ್ದಿದ್ದಾರೆ, ಹಿಂದೆ ನಿಂತು ಆಕಳಿಸುತ್ತಿರುವ ನೆಂಟರೂ ಚೆನ್ನಾಗಿ ಬಿದ್ದಿದ್ದಾರೆ. ಮದುಮಗ ಇರಬೇಕಾದ ಜಾಗದಲ್ಲಿ ಮಾತ್ರ ಪೇಟ ಸುತ್ತಿಕೊಂಡ ಒಂದು ಮಬ್ಬು. ಊಟ ನಿಂತುಕೊಂಡು. ಕ್ಷೌರ ಹೇಗೆ ಅಂತೀರಾ? ಕಂತಿನಲ್ಲಿ! ಎಡಗಡೆ ಮುಗಿದರೆ ಎದ್ದು ಹೋಗಿ ಟೀ ಕುಡಿದು ಬಂದು ಬಲಗಡೆ. ತಾಳವಾಡಿಯಿಂದ ಹಾಸನೂರಿಗೆ ಬಸ್ಸು ಹತ್ತಿದರೆ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ಓಡಾಡಿ ಅರ್ಧ ದಾರಿ ನಡೆದೇ ಮುಗಿಸಿರುತ್ತಾರೆ. ನಮ್ಮದು ತಮಿಳುನಾಡಿಗೆ ಸೇರಿದ ಕನ್ನಡದ ಊರು; ಕೂತುಕೊಳ್ಳಿ ಅಣ್ಣ ಎಂದು ಕಂಡಕ್ಟರು ತಮಿಳಿನಲ್ಲಿ ಬೇಡಿಕೊಂಡರೆ, "ಟಿಕೇಟ್ ಪೂರ್ತಿ ತಕ್ಕಂಡಿವ್ನಿ, ನಿಂತ್ಕಂಡ್ ಬಂದ್ರೆ ನಿಂಗೇನಪ್ಪ ನಷ್ಟ?" ಎಂದು ಕೇಳುತ್ತಾರೆ.

ಇಂಥವರು ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ, ತಾಳವಾಡಿಯಲ್ಲಿರುವ ನನ್ನ ಜೆರಾಕ್ಸ್ ಅಂಗಡಿಗೆ ಟವಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಮನೆಯ ವೈಫೈ ರೂಟರ್! ಜೆರಾಕ್ಸ್ ಮಾಡುವವಳಿಗೆ ಜಗತ್ತಿನ ಎಲ್ಲ ಯಂತ್ರವೂ ಗೊತ್ತಿರುತ್ತದೆ ಎಂದು ಅವರ ನಂಬಿಕೆ. ಹಿಂದೊಮ್ಮೆ ಮೇವು ಕತ್ತರಿಸುವ ಮಿಷನ್ನನ್ನೂ ಹೊತ್ತು ತಂದಿದ್ದರು.

"ಕೂಸೇ, ಈ ಡಬ್ಬಿ ಇಂದ್ಗಡೆ ಒಂದ್ ತೂತ ಅದೆ ನೋಡು. ಅದ್ಕೆ ಪೆನ್‌ಡ್ರೈವ್ ಸಿಕ್ಸುದ್ರೆ, ಒಳ್ಗಿರೋ ವೀಡಿಯೋವ ಪಕ್ಕದ್ ಮನೆ ಟೀವೀಲೂ ನೋಡ್ಬೋದಂತಲ್ಲ, ನಿಜವಾ?"

ಪಕ್ಕದ ಮನೆ ಅಂದಕೂಡಲೇ ನನ್ನ ಕೈ ನಿಂತುಹೋಯಿತು. ಯಾಕೆಂದರೆ ಅದು ದೊಡ್ಡಮಾವನ ಮನೆ. ಇಬ್ಬರೂ ನನ್ನ ಅವ್ವನ ತಮ್ಮಂದಿರು. ಇದ್ದ ಒಂದು ಮನೆ ಭಾಗವಾದಾಗ, ನಡುವೆ ಎದ್ದ ಗೋಡೆ ತನ್ನ ಕಡೆಗೆ ಒಂದು ಗೇಣು ಒತ್ತಿ ಬಂದಿದೆ ಎಂದು ಇಬ್ಬರೂ ಜಗಳಕ್ಕೆ ಬಿದ್ದರು. ಒಂದೇ ಗೋಡೆ ಎರಡು ಕಡೆಗೂ ಹೇಗೆ ಒತ್ತಿ ಬರುತ್ತದೆ? ಅದನ್ನು ಮಾತ್ರ ಕೇಳಬೇಡಿ! ಜಗಳ ಬೆಳೆದು ಕೊನೆಗೆ ಮಾದಪ್ಪ ದೇವರ ಮೇಲೆ ಆಣೆ ಹಾಕಿಕೊಂಡರು: ಒಬ್ಬರ ಹೊಸಿಲು ಒಬ್ಬರು ತುಳಿಯಬಾರದು, ಮುಖ ಕೊಟ್ಟು ಮಾತಾಡಬಾರದು, ಒಬ್ಬರಿಗೊಬ್ಬರು ಒಂದು ಕಡ್ಡಿಯನ್ನೂ ಕೊಡಬಾರದು. ಹೆಂಗಸರು ಹಿತ್ತಲಲ್ಲಿ ಸಾರು ಬದಲಾಯಿಸಿಕೊಂಡರು, ದನಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿದವು. ಅಣ್ಣತಮ್ಮಂದಿರು ಮಾತ್ರ ಎದುರಾದರೆ ಒಬ್ಬರು ಹುಣಸೆ ಮರ ನೋಡುತ್ತಿದ್ದರು, ಇನ್ನೊಬ್ಬರು ಲೈಟು ಕಂಬ ನೋಡುತ್ತಿದ್ದರು. ಹೀಗೇ ವರ್ಷಗಳು ಕಳೆದವು.

ಈಗ ದೊಡ್ಡಮಾವ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು ಮಲಗಿದ್ದರು. ದೀಪಾವಳಿ ಆದಮೇಲೆ ಹತ್ತಿರದ ಗುಮಟಾಪುರದಲ್ಲಿ ಬೀರೇಶ್ವರನ ಗುಡಿ ಹತ್ತಿರ ಸಗಣಿ ಗುಡ್ಡೆ ಹಾಕಿ, ಉಂಡೆ ಕಟ್ಟಿ, ಒಬ್ಬರ ಮೇಲೊಬ್ಬರು ಎಸೆದಾಡುವ ಗೊರೆ ಹಬ್ಬ. ದೊಡ್ಡಮಾವ ಬುದ್ಧಿ ಬಂದಾಗಿನಿಂದ ಅದನ್ನು ತಪ್ಪಿಸಿದವರೇ ಅಲ್ಲ. ಈ ಸಲವೂ ತಪ್ಪಬಾರದು, ಮಲಗಿದ ಜಾಗದಲ್ಲೇ ಅವರು ಹಬ್ಬ ನೋಡಬೇಕು. ಇದು ಚಿಕ್ಕಮಾವನ ಹಟ.

"ದೊಡ್ಡತ್ತೆ ಫೋನಿಗೆ ವಾಟ್ಸಾಪಲ್ಲಿ ಕಳ್ಸಿ ಮಾವ, ಮುಗೀತು."

"ಕಳ್ಸುದ್ರೆ ಕೊಟ್ಟಂಗಲ್ವಾ? ಆಣೆ ಅದೆ."

"ಪೆನ್‌ಡ್ರೈವ್ ನಾನೇ ತಕ್ಕೊಂಡೋಗಿ ಕೊಡ್ತೀನಿ, ಬಿಡಿ."

"ನಿನ್ ಕೈಲಿ ಕೊಟ್ರೂ ಕೊಟ್ಟಂಗೇಯ. ಇದು ಅಂಗಲ್ಲ ಕಣ್ ಕೂಸೇ. ನನ್ ವಸ್ತು ನನ್ ಮನೇಲೇ ಇರ್ತದೆ. ನಾ ಯಾರ್ಗೂ ಏನೂ ಕೊಡ್ನಿಲ್ಲ. ಬಾಗ್ಲ ತಗದ್ ಮಡಗಿವ್ನಿ, ನೋಡೋರು ನೋಡ್ಕಳ್ಳಿ!"

ಈ ವಾದ ಕೇಳಿದ್ದರೆ ಮಾದಪ್ಪನೇ ನಕ್ಕುಬಿಡುತ್ತಿದ್ದ. ನಾನು ಅಂಗಡಿ ಬಾಗಿಲು ಎಳೆದು ಲ್ಯಾಪ್‌ಟಾಪ್ ಹಿಡಿದುಕೊಂಡು ಮಾವನ ಜೊತೆ ಗೆಟ್ಟವಾಡಿಗೆ ಹೊರಟೆ.

ಕೆಲಸವೇನೂ ದೊಡ್ಡದಲ್ಲ. ರೂಟರ್‌ನ ಪುಟ ತೆರೆದು, ಪಾಸ್‌ವರ್ಡ್ ಹಾಕಿ, ಯುಎಸ್‌ಬಿ ಅನ್ನುವಲ್ಲಿ ಹೋಗಿ, ಫೈಲ್ ಶೇರಿಂಗ್ ಆನ್ ಮಾಡಿ ಸೇವ್ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ದಯವಿಟ್ಟು ಕಾಯಿರಿ ಎಂದಿತು. ಯಾರಿಗೆ ಹೇಳುವ ಮಾತು ಇದು! ಚಿಕ್ಕಮಾವ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗಲಿಗೆ ತಿರುಗುತ್ತಾ "ಆಯ್ತಾ? ಈಗ? ಇನ್ನೂವಾ?" ಎನ್ನುತ್ತಿದ್ದವರು ಕೊನೆಗೆ ಪ್ಲಗ್ಗನ್ನೇ ಕಿತ್ತು ಮತ್ತೆ ಸಿಕ್ಕಿಸಿದರು.

"ಸುಸ್ತಾದಂಗ್ ಕಾಣ್ತು. ಒಸಿ ಉಸುರ್ ಬುಡ್ಲಿ ಅಂತ."

ಮತ್ತೆ ಮೊದಲಿಂದ. ಪೆನ್‌ಡ್ರೈವಿನ ಫಾರ್ಮ್ಯಾಟ್ ರೂಟರ್‌ಗೆ ಒಗ್ಗಲಿಲ್ಲ, ಅದನ್ನೂ ಬದಲಾಯಿಸಿದೆ. ಇನ್ನೇನು ಫೋಲ್ಡರ್ ಕಾಣಿಸಬೇಕು, ಅಷ್ಟರಲ್ಲಿ ಡಬ್ಬಿಯ ದೀಪಗಳೆಲ್ಲ ಒಟ್ಟಿಗೆ ಆರಿಹೋದವು. ತಿರುಗಿ ನೋಡಿದರೆ ಅತ್ತೆಯ ಸೇಫ್ಟಿಪಿನ್ನು ಹಿಡಿದುಕೊಂಡು ಮಾವ ನಿಂತಿದ್ದಾರೆ. ರೀಸೆಟ್ ತೂತಿಗೆ ಚುಚ್ಚಿ ನಾನು ಮಾಡಿದ್ದೆಲ್ಲ ಅಳಿಸಿ ಹಾಕಿದ್ದರು!

"ಯಾಕ್ ಮಾವ ಚುಚ್ಚುದ್ರಿ?"

"ತೂತ ಇತ್ತಲ್ಲ!"

ನನಗೆ ಬಂದ ಕೋಪಕ್ಕೆ ರೂಟರ್ ಅಲ್ಲ, ಮಾವನನ್ನೇ ರೀಸೆಟ್ ಮಾಡಬೇಕು ಅನ್ನಿಸಿತು. "ನೀ ಒಂದಿನಕ್ಕೇ ಇಂಗಾಡ್ತಿದ್ದೀಯಲ್ಲವ್ವ, ನಾ ಬಾಳ್ತಿಲ್ವಾ?" ಎಂದು ಅತ್ತೆ ನನಗೆ ಮಜ್ಜಿಗೆ ಕೊಟ್ಟರು.

ಮೂರನೇ ಸಲಕ್ಕೆ ಎಲ್ಲ ಸರಿಹೋಯಿತು. ಬೇರೆಯವರು ನೋಡಬಹುದು, ಆದರೆ ತಾವಾಗಿ ಏನೂ ಹಾಕುವಂತಿಲ್ಲ, ಅಳಿಸುವಂತಿಲ್ಲ ಎಂದು ಗುರುತು ಹಾಕಲು ಹೋದೆ. ಮಾವ ತಡೆದರು.

"ಬಾಗ್ಲ ತಗದ್ಮೇಲೆ ಅರ್ದ ಯಾಕ್ ತಗೀಬೇಕು? ಪೂರ್ತಿ ಬುಟ್ಬುಡು."

"ಯಾರಾದ್ರೂ ಎಲ್ಲಾ ಅಳ್ಸಾಕುದ್ರೆ?"

"ಅಳ್ಸೋಕಾದ್ರೂ ಒಳಕ್ ಬರ್ಬೇಕಲ್ಲ. ಬರ್ಲಿ ಬುಡು."

ಆಮೇಲೆ ಸಿಗ್ನಲ್ ಪಕ್ಕದ ಮನೆಗೆ ಮುಟ್ಟಬೇಕೆಂದು, ಡಬ್ಬಿಯನ್ನು ಮನೆಯೆಲ್ಲ ಮೆರವಣಿಗೆ ಮಾಡಿಸಿ ಕೊನೆಗೆ ಆ ಜಗಳದ ಗೋಡೆಗೇ ಮೊಳೆ ಹೊಡೆಯತೊಡಗಿದರು. ಆ ಕಡೆಯಿಂದ ದೊಡ್ಡಮಾವ ಹೆಂಡತಿಯನ್ನು ಕೂಗುವುದು ಕೇಳಿಸಿತು. "ಯಾವನಮ್ಮಿ ಅವ್ನು, ನನ್ ಗೋಡೆಗೆ ಮೊಳೆ ಒಡೀತಿರೋನು?" ಈ ಕಡೆ ಚಿಕ್ಕಮಾವ ಸೂರು ನೋಡುತ್ತಾ ಅತ್ತೆಗೆ ಕೂಗಿ ಹೇಳಿದರು, "ನನ್ ಗೋಡೆಗೆ ನಾ ಒಡ್ಕತೀನಿ ಅಂತ ಏಳಮ್ಮಿ!"

ನನಗಂತೂ ಆಣೆ ಇಲ್ಲವಲ್ಲ, ಆ ಮನೆಗೂ ಹೋದೆ. ದೊಡ್ಡಮಾವ ಮಂಚದ ಮೇಲೆ ಸೊರಗಿ ಹೋಗಿದ್ದರು. ಪಕ್ಕದಿಂದ ವೈಫೈ ಬರುತ್ತದೆ, ಟಿವಿಗೆ ಸೇರಿಸಲೇ ಎಂದು ಕೇಳಿದೆ. ಬೇಡ ಅಂದುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು! ಅವರು ಗೋಡೆಯ ಕಡೆ ಕೈ ತೋರಿಸಿದರು.

"ಗೋಡೆ ನಂದು. ನನ್ ಗೋಡೆಯಿಂದ ಬರೋದೂ ನಂದೇ. ಸೇರ್ಸು."

ಹೇಗಿದೆ ನ್ಯಾಯ! ಟಿವಿಯಲ್ಲಿ ನೋಡುವುದು ಹೇಗೆ, ಬೇಕಾದರೆ ಫೋನಿನಿಂದ ತಮ್ಮದನ್ನೂ ಅದರಲ್ಲಿ ಇಡುವುದು ಹೇಗೆ ಎಂದು ದೊಡ್ಡತ್ತೆಗೆ ತೋರಿಸಿ ಬಂದೆ.

ಹಬ್ಬದ ಸಂಜೆ ಚಿಕ್ಕಮಾವ ತಲೆಯಿಂದ ಕಾಲಿನವರೆಗೆ ಸಗಣಿಯಾಗಿ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಫೋನು ಮಾತ್ರ ಶುಭ್ರ. ವೀಡಿಯೋ ನೋಡಿ ನನಗೆ ತಲೆ ತಿರುಗಿತು. ಆಕಾಶ, ಯಾರದೋ ಕಾಲು, ಹಾರಿ ಬರುವ ಉಂಡೆ, ಮತ್ತೆ ಆಕಾಶ. ಕೊನೆಯಲ್ಲಿ ಟವಲಿನಿಂದ ಮುಖ ಒರೆಸಿಕೊಂಡು, ಫೋನನ್ನು ತಮ್ಮ ಕಡೆಗೇ ತಿರುಗಿಸಿ ಸುಮ್ಮನೆ ನಕ್ಕಿದ್ದರು. ಅದನ್ನು ಫೋಲ್ಡರಿಗೆ ಹಾಕಿದೆವು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ತಮಟೆಯ ಸದ್ದು, ಕೇಕೆಯ ಸದ್ದು. ಆಮೇಲೆ ಏನೂ ಇಲ್ಲ. ಚಿಕ್ಕಮಾವನ ನಡಿಗೆ ಜೋರಾಯಿತು.

"ಅಣ್ಣ ನಗ್ನಿಲ್ವಲ್ಲ ಕೂಸೇ. ಆಫ್ ಮಾಡ್ಬುಟ್ನಾ?"

ಅವರ ಬಾಯಲ್ಲಿ ಅಣ್ಣ ಅನ್ನುವ ಮಾತನ್ನು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದ್ದು. ಫೈಲೇನಾದರೂ ಕೆಟ್ಟಿದೆಯೋ ಎಂದು ಫೋಲ್ಡರ್ ತೆರೆದೆ. ಮಾವನ ವೀಡಿಯೋ ಪಕ್ಕದಲ್ಲಿ ನಾವು ಇಡದ ಇನ್ನೊಂದು ಫೈಲು ಇತ್ತು. ಬರೀ ಧ್ವನಿ. ಒತ್ತಿದೆ. ಮೊದಲು ಒಂದು ಕೆಮ್ಮು, ಆಮೇಲೆ ದೊಡ್ಡಮಾವ.

"ಏನ್ಲಾ ಇದು, ಬರೀ ಅಲ್ಲಾಡ್ತದೆ. ನಿನ್ ಮದ್ವೆ ಪೋಟೋನೇ ವಾಸಿ." ಮಂಚ ಕಿರುಗುಟ್ಟಿದ ಸದ್ದು. "ಮೀಸೆ ಪೂರ್ತಿ ಬೆಳ್ಗಾಗ್ಬುಟ್ಟದಲ್ಲಲಾ ನಿಂಗೆ. ಯಾವಾಗಾಯ್ತು? ಪಕ್ಕದಲ್ಲೇ ಇದ್ಕಂಡು ನಂಗ್ ಗೊತ್ತೇ ಆಗ್ನಿಲ್ಲ ಕಣ್ಲಾ." ಮತ್ತೆ ಕೆಮ್ಮು. "ನಿನ್ ಎಜ್ಜೆ ಸಪ್ಳ ದಿನಾ ಕೇಳ್ತದೆ. ಅದ್ನೇ ಕೇಳ್ಕಂಡು ಮಲ್ಗಿರ್ತೀನಿ. ಎಷ್ಟ್ ಅಂತ ಓಡಾಡೀಯೇ? ಒಸಿ ಕೂತ್ಕಳ್ಲಾ."

ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು? ಇಬ್ಬರೂ ಹೊಸಿಲು ತುಳಿದಿರಲಿಲ್ಲ, ಯಾರೂ ಯಾರಿಗೂ ಏನೂ ಕೊಟ್ಟಿರಲಿಲ್ಲ, ಆಣೆ ಇದ್ದ ಹಾಗೇ ಇತ್ತು.

ಚಿಕ್ಕಮಾವ ಆ ಗೋಡೆಗೆ ಬೆನ್ನು ಕೊಟ್ಟು, ಮೆಲ್ಲಗೆ ಕೆಳಗೆ ಜಾರಿ, ಕೂತರು.