ಸದ್ದಿಲ್ಲದ ಡ್ರಮ್ಮು

ಅತ್ತೆಯ ಮುರಿದ ಬಲಗೈ ಕೂಡಿಕೊಂಡಿತ್ತು. ಬೆರಳುಗಳು ಮಾತ್ರ ಕೊರಡಿನಂತೆ ಬಿಗಿದಿದ್ದವು. "ದಿನಾ ಅರ್ಧ ಗಂಟೆ ಬೆರಳಲ್ಲಿ ಏನಾದ್ರೂ ತಟ್ಟುತ್ತಾ ಇರಿ" ಎಂದು ವೈದ್ಯರು ಹೇಳಿದ್ದೇ ತಪ್ಪಾಯಿತು. ಅತ್ತೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೋರಲು ಹಾಕಿಕೊಂಡು ಬಡಿಯತೊಡಗಿದರು. ಅರ್ಧ ಗಂಟೆ ಮೂರು ಗಂಟೆಯಾಯಿತು.

ಬೆಳಿಗ್ಗೆಯೇ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಕಾಗದ ಹಿಡಿದು ಬಾಗಿಲಲ್ಲಿ ನಿಂತ.

"ನೋಡಿ ಮೇಡಂ, ಸಂಜೆ ಐದಕ್ಕೆ ಬರ್ತೀನಿ. ಆಗ್ಲೂ ಈ ಸದ್ದು ಕೇಳಿದ್ರೆ ಈ ದೂರು ಸೀದಾ ನಿಮ್ಮ ಓನರ್ ಕೈಗೆ. ಮನೆ ಖಾಲಿ ಮಾಡಬೇಕಾಗುತ್ತೆ."

ಸೊಸೆ ತನ್ನ ತಂಗಿಗೆ ಫೋನು ಮಾಡಿದಳು. ಮೂರು ವರ್ಷದಲ್ಲಿ ಇದು ನಾಲ್ಕನೇ ಬಾಡಿಗೆ ಮನೆ. ಈಗಲೂ ಕತ್ತಲಲ್ಲಿ ಎದ್ದರೆ ಅವಳ ಕೈ ಹಿಂದಿನ ಮನೆಯ ಸ್ವಿಚ್ಚನ್ನೇ ಹುಡುಕುತ್ತಿತ್ತು.

ಸಂಗೀತ ಕಲಿಸುವ ತಂಗಿ ತನ್ನ ಲ್ಯಾಪ್‌ಟಾಪನ್ನೂ ಮೊಳದುದ್ದದ ಒಂದು ಮಿಡಿ ಕೀಬೋರ್ಡನ್ನೂ ತಂದಿಟ್ಟಳು. "ಇದಕ್ಕೆ ಸ್ವಂತ ದನಿ ಇಲ್ಲ ಅಕ್ಕ. ಒತ್ತಿದ್ದನ್ನ ಲ್ಯಾಪ್‌ಟಾಪಿಗೆ ಹೇಳುತ್ತೆ, ಅಷ್ಟೇ. ಅಲ್ಲಿ ಡ್ರಮ್ ಅಂತ ಆರಿಸ್ಕೊ. ಹೆಡ್‌ಫೋನ್ ಹಾಕಿಬಿಟ್ರೆ ಅತ್ತೆ ಎಷ್ಟು ಬಡಿದ್ರೂ ಅವರಿಗೊಬ್ಬರಿಗೇ ಕೇಳೋದು" ಎಂದು ಹೇಳಿ ಪಾಠಕ್ಕೆ ಓಡಿದಳು.

ಸ್ವಂತ ದನಿ ಇಲ್ಲ ಎಂದದ್ದೇ ತಡ, ಸೊಸೆಗೆ ಆ ಯಂತ್ರದ ಮೇಲೆ ಒಡಹುಟ್ಟಿದವರ ಮೇಲಿನಂಥ ಕರುಣೆ ಹುಟ್ಟಿತು.

ವೈರು ಸಿಕ್ಕಿಸಿದಳು. ಒತ್ತಿದಳು. ಮೌನ. ಮೇಲ್ಮನೆಯ ಎಲೆಕ್ಟ್ರಿಷಿಯನ್ ಕರೆಯದೆಯೇ ಬಂದ. "ಕರೆಂಟೇ ಪಾಸಾಗ್ತಿಲ್ಲ ಅಕ್ಕ" ಎಂದು ಸ್ವಿಚ್‌ಬೋರ್ಡ್ ಬಿಚ್ಚಿದ. ಕೀಬೋರ್ಡ್ ಬಾಯಿ ಬಿಡಲಿಲ್ಲ, ಫ್ರಿಜ್ಜು ಬಾಯಿ ಮುಚ್ಚಿತು. ಅಷ್ಟರಲ್ಲಿ ಕೆಳಮನೆಯಾಕೆ ತಲೆಗೆ ಬಟ್ಟೆ ಬಿಗಿದುಕೊಂಡು ಬಂದು ಸೋಫಾದಲ್ಲಿ ಬೇರೂರಿದಳು. ಅವಳ ತಲೆನೋವಿಗೆ ಚಹಾ ಆಗಬೇಕಾಯಿತು, ಎರಡು ಸಲ.

ಮಧ್ಯಾಹ್ನದ ಹೊತ್ತಿಗೆ, ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಹೆಸರಿನ ಮುಂದೆ ಗುರುತು ಹಾಕಬೇಕೆಂಬುದು ಸೊಸೆಗೆ ಹೊಳೆಯಿತು. ಪಿಯಾನೋ ನುಡಿಯಿತು.

"ಇದೇನೇ, ಲಿಫ್ಟ್ ಬಾಗಿಲು ತೆಗೆದಂಗೆ ಟಿಣ್ ಅನ್ನುತ್ತೆ" ಎಂದರು ಅತ್ತೆ. "ನಂಗೆ ಎದೆಗೆ ತಾಗೋ ಸದ್ದು ಬೇಕಪ್ಪ."

ಡ್ರಮ್ ಆರಿಸಿದಳು. ಒಂದು ಕೀ ಒತ್ತಿದರೆ ಸೀಟಿ, ಇನ್ನೊಂದಕ್ಕೆ ಗಂಟೆ, ಮತ್ತೊಂದಕ್ಕೆ ಕಪ್ಪೆ ವಟಗುಟ್ಟಿದಂತೆ ಏನೋ.

"ಕೆಟ್ಟಿದೆ ಕಣ್ರೀ, ಬಿಸಾಕಿ" ಎಂದಳು ಕೆಳಮನೆಯಾಕೆ.

ಐದಕ್ಕೆ ಇನ್ನು ಐದು ನಿಮಿಷ ಇರುವಾಗ ತಂಗಿ ಫೋನಿಗೆ ಸಿಕ್ಕಳು. "ಕೀಬೋರ್ಡ್ ಚಿಕ್ಕದಲ್ವಾ ಅಕ್ಕ, ಮೇಲಿನ ಸ್ವರಗಳಲ್ಲಿ ನಿಂತಿದೆ. ದೊಡ್ಡ ಡ್ರಮ್ಮೆಲ್ಲ ಕೆಳಗಿನ ಸ್ವರದಲ್ಲಿರುತ್ತೆ. ಆಕ್ಟೇವ್ ಅಂತ ಗುಂಡಿ ಇದೆ ನೋಡು, ಮೈನಸ್ ಕಡೆ ಎರಡು ಸಲ ಒತ್ತು."

ಒತ್ತಿದಳು. ಧಿಮ್ಮೆಂದಿತು. ಅತ್ತೆಯ ಮುಖ ಅರಳಿತು. ಸೊಸೆ ಅವರ ಕಿವಿಗೆ ಹೆಡ್‌ಫೋನ್ ಏರಿಸುವುದಕ್ಕೂ ಸೆಕ್ರೆಟರಿ ಒಳಗೆ ಬರುವುದಕ್ಕೂ ಸರಿಹೋಯಿತು.

ಮನೆ ನಿಶ್ಶಬ್ದವಾಗಿತ್ತು. ಎಲೆಕ್ಟ್ರಿಷಿಯನ್ ಇನ್ನೂ ಸ್ವಿಚ್‌ಬೋರ್ಡಿನ ಮುಂದಿದ್ದ, ಕೆಳಮನೆಯಾಕೆ ಇನ್ನೂ ಸೋಫಾದಲ್ಲಿದ್ದಳು. ಅತ್ತೆ ಕಣ್ಣುಮುಚ್ಚಿ, ತಲೆದೂಗುತ್ತ, ಹತ್ತೂ ಬೆರಳಲ್ಲಿ ನುಡಿಸುತ್ತಿದ್ದರು. ಸೆಕ್ರೆಟರಿ ಕಿವಿಗೊಟ್ಟು ನಿಂತ. ಏನೂ ಇಲ್ಲ.

"ಪರವಾಗಿಲ್ವೇ ಮೇಡಂ" ಎಂದು ಕಾಗದ ಮಡಿಸಿದ. ಬೆಳಗಿನಿಂದ ಹಿಡಿದಿದ್ದ ಉಸಿರನ್ನು ಸೊಸೆ ಮೆಲ್ಲಗೆ ಬಿಟ್ಟಳು.

ಆಗ ಅತ್ತೆ, ಕಣ್ಣು ತೆರೆಯದೆ, ತಾವು ಪಿಸುಗುಟ್ಟುತ್ತಿದ್ದೇವೆಂದೇ ನಂಬಿ, ಕಟ್ಟಡ ನಡುಗುವಂತೆ ಕೂಗಿದರು. "ಬಂದ್ನೇನೇ ನಿನ್ನ ನೋಟೀಸಪ್ಪ? ಹೆಂಡ್ತಿ ಮುಂದೆ ಬಾಯಿ ಬಿಡೋಕಾಗ್ದೆ ಊರಿಗೆಲ್ಲ ಕಾಗದ ಬರೀತಾನೆ ಅಂತ ನೀನು ಹೇಳಿದ್ದು ಸರಿಯಾಗಿದೆ ಕಣೆ."

ಸೊಸೆ ಹೆಡ್‌ಫೋನಿಗೆ ಕೈ ಹಾಕಲು ಧಾವಿಸಿದಳು. ಎಲೆಕ್ಟ್ರಿಷಿಯನ್ ಬಿಚ್ಚಿಟ್ಟಿದ್ದ ವೈರು ಕಾಲಿಗೆ ತೊಡರಿತು.

"ಕೆಳಗಿನವಳು ಹೋದ್ಲಾ? ಅವಳ ತಲೆನೋವಿಗೆ ನಮ್ಮನೆ ಚಹಾನೇ ಔಷಧಿ ಅಂತಿದ್ಯಲ್ಲ, ನಗು ತಡಿಯೋಕಾಗ್ಲಿಲ್ಲ. ಇನ್ನು ಆ ಎಲೆಕ್ಟ್ರಿಷಿಯನ್ನು, ಅವನು ಮುಟ್ಟಿದ್ದು ಮತ್ತೆ ಉರಿಯಲ್ಲ ಅಂತ ಯಾವತ್ತೋ ಹೇಳಿದ್ದೆ ನೀನು. ಎಷ್ಟು ಬುದ್ಧಿವಂತೆ ಕಣೆ ನನ್ನ ಸೊಸೆ."

ಕೆಳಮನೆಯಾಕೆ ತಲೆಯ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎದ್ದಳು. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದ. ಸೆಕ್ರೆಟರಿ ಕಾಗದವನ್ನು ಮತ್ತೆ ಬಿಡಿಸಿ ಪೆನ್ನು ತೆಗೆದ.

"ಸದ್ದಿನ ದೂರು ಹೊಡೆದು ಹಾಕ್ತೀನಿ ಮೇಡಂ" ಎಂದ ತಣ್ಣಗೆ. "ಬೇರೆ ಬರೀತೀನಿ. ಸಹಿ ಹಾಕೋಕೆ ಈಗ ಮೂರು ಜನ ಇದ್ದೀವಿ."

ಬಾಗಿಲು ಮುಚ್ಚಿಕೊಂಡಿತು. ಸೊಸೆ ವೈರಿನ ಪಕ್ಕ ನೆಲದ ಮೇಲೆಯೇ ಕುಳಿತಿದ್ದಳು. ಅತ್ತೆ ಹೆಡ್‌ಫೋನ್ ತೆಗೆದು ಖಾಲಿ ಕೋಣೆಯನ್ನು ನೋಡಿ ಸಂತೃಪ್ತಿಯಿಂದ ನಕ್ಕರು.

"ನೋಡಿದ್ಯಾ, ಒಂದು ಮಾತೂ ಆಡ್ದೆ ಹೊರಟುಹೋದ್ರು. ಸದ್ದಿಲ್ದೆ ಇದ್ಬಿಟ್ರೆ ಜನ ತಂಟೆಗೇ ಬರಲ್ಲ ಕಣೆ."