ದೇವರ ಮನೆಯಲ್ಲಿ ಕೂತ ಜಾಕ್

ಬ್ಯಾಂಕಿನಲ್ಲಿ ನನ್ನ ಕೆಲಸ ತಪಾಸಣೆ. ಶಾಖೆಯಿಂದ ಶಾಖೆಗೆ ಹೋಗಿ ಇನ್ನೊಬ್ಬರ ತಪ್ಪು ಹುಡುಕುವುದು. ಈ ಕೆಲಸ ಮಾಡುವವರಿಗೆ ತಾವು ತಪ್ಪು ಮಾಡಬಹುದು ಎಂಬ ಯೋಚನೆಯೇ ಬರುವುದಿಲ್ಲ. ಬಂದರೆ ಕೆಲಸ ಮಾಡಲಿಕ್ಕಾಗುವುದಿಲ್ಲ.

ಮೈಸೂರಿನಿಂದ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ ಮೇಲೆ ಒಂದು ಹಳೇ ಸಣ್ಣ ಕಾರು ಕೊಂಡೆ. ಕಾರು ಕೊಂಡ ಮೇಲೆ ನಮ್ಮ ಹತ್ತಿರ ಉಳಿದದ್ದು ಕಾರು ಮಾತ್ರ. ಅದನ್ನು ಮೆಕ್ಯಾನಿಕ್ ಹತ್ತಿರ ಒಯ್ದು ತೋರಿಸುವಷ್ಟು ಕೂಡ ಕೈಯಲ್ಲಿ ಉಳಿದಿರಲಿಲ್ಲ. ಹೀಗಿರುವಾಗ ಒಂದು ಭಾನುವಾರದ ಪೇಪರಿನಲ್ಲಿ 'ಕಡಿಮೆ ಖರ್ಚಿನಲ್ಲಿ ಕಾರಿನ ಆರೈಕೆ ನೀವೇ ಮಾಡಿ' ಎಂಬ ಲೇಖನ ಬಂತು. ಟೈರಿನ ಗಾಳಿ, ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ಯಾಟರಿ, ವೈಪರ್ ಇಷ್ಟನ್ನು ನೋಡಿಕೊಂಡರೆ ಸಾಕಂತೆ. ನೋಡುವುದೇ ತಾನೇ? ನೋಡುವುದಕ್ಕೇ ನನಗೆ ಸಂಬಳ ಕೊಡುವುದು.

ಆಗ ನವರಾತ್ರಿ ಹತ್ತಿರ ಬಂದಿತ್ತು. ಮಹಾನವಮಿಯ ಸಂಜೆ ತಿರುವನಂತಪುರದ ಕನ್ನಡಿಗರು ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅದರಲ್ಲಿ ಅರ್ಧ ಗಂಟೆ ಹಾಡಬೇಕೆಂದು ನನ್ನ ಹೆಂಡತಿ ವಿಶಾಲಳನ್ನು ಕರೆದಿದ್ದರು. ಅವಳು ಮದುವೆಗೆ ಮುಂಚೆ ಮೈಸೂರಿನಲ್ಲಿ ಕಚೇರಿ ಕೊಟ್ಟವಳು. ಆಮೇಲೆ ನನ್ನ ವರ್ಗಾವಣೆಗಳ ಹಿಂದೆ ಸಾಮಾನು ಕಟ್ಟಿ ಬಿಚ್ಚುವುದರಲ್ಲೇ ಅವಳ ಸಂಗೀತ ಮುಗಿದಿತ್ತು. ಈ ಕರೆ ಬಂದ ದಿನ ಅವಳು ಅಟ್ಟದ ಮೇಲಿಂದ ಶ್ರುತಿಪೆಟ್ಟಿಗೆ ಇಳಿಸಿ ಸೆರಗಿನಿಂದ ಒರೆಸಿದ್ದನ್ನು ನಾನೇ ನೋಡಿದ್ದೆ. ಗಣೇಶನ ಹಬ್ಬದಿಂದ ಮಿಕ್ಸಿಯ ಸದ್ದಿನ ನಡುವೆಯೇ ಒಂದು ದೇವರನಾಮ ಅಭ್ಯಾಸ ನಡೆದಿತ್ತು.

"ರೈಲಿನ ಟಿಕೆಟ್ ಇದೆಯಲ್ಲ, ಅದರಲ್ಲೇ ಹೋಗೋಣ ರೀ," ಅಂದಳು.

"ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಟ್ಟೆ," ಅಂದೆ. "ಮನೆ ಮುಂದೆ ಕಾರಿಟ್ಟುಕೊಂಡು ರೈಲಿನಲ್ಲಿ ಹೋದರೆ ನೋಡಿದವರು ಏನಂದ್ಕೋತಾರೆ?"

ಅವಳು ಶ್ರುತಿಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದಳು. ಅವಳು ಬೈದರೆ ಭಯವಿಲ್ಲ, ಸುಮ್ಮನಾದರೆ ಮಾತ್ರ ಹುಷಾರಾಗಿರಬೇಕು. ಆವತ್ತು ನಾನು ಹುಷಾರಾಗಿರಲಿಲ್ಲ.

ಅಷ್ಟಮಿಯ ದಿನ ತಪಾಸಣೆ ಶುರುವಾಯಿತು. ಅನ್ನ ಬೆಂದಿದೆಯೇ ಎಂದು ನೋಡುವಂತೆ ಟೈರನ್ನು ಬೆರಳಿನಿಂದ ಒತ್ತಿ ನೋಡಿದೆ, ಬೆಂದಿತ್ತು. ಆಯಿಲಿನ ಕಡ್ಡಿ ಎಳೆದು ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಒರೆಸಿದೆ. ಅದು ಶ್ರುತಿಪೆಟ್ಟಿಗೆಗೆಂದು ವಿಶಾಲ ಹೊಲಿದಿಟ್ಟ ಹೊಸ ಗವಸು ಎಂದು ಆಮೇಲೆ ತಿಳಿಯಿತು. ಬ್ಯಾಟರಿಯ ತುದಿಯ ಬಿಳಿ ಪುಡಿಯನ್ನು ಅಡುಗೆ ಸೋಡಾದಿಂದ ತೊಳೆದೆ. ಆವತ್ತು ಮನೆಯಲ್ಲಿ ಬೋಂಡ ಕಲ್ಲಾಯಿತು. ಹೆಚ್ಚುವರಿ ಚಕ್ರವನ್ನೂ ಬಿಡಲಿಲ್ಲ. ಅದನ್ನು ನೆಲಕ್ಕೆ ಕುಕ್ಕಿ ನೋಡಿದೆ, ಚೆಂಡಿನ ಹಾಗೆ ಪುಟಿಯಿತು. ಜಾಕನ್ನೂ ಚಕ್ರ ಬಿಚ್ಚುವ ಸ್ಪ್ಯಾನರನ್ನೂ ತುಕ್ಕು ಬಿಡಿಸಿ ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಿದೆ. ಜಾಕ್ ಮರೆತು ಪ್ರಯಾಣ ಹೊರಡುವ ದಡ್ಡರು ಎಷ್ಟಿಲ್ಲ ಹೇಳಿ!

ಪಕ್ಕದ ಮನೆಯ ವರ್ಗೀಸ್ ಚೇಟ್ಟನ್ ಕಾಂಪೌಂಡಿನ ಮೇಲೆ ಮೊಣಕೈ ಊರಿ ಎಲ್ಲ ನೋಡುತ್ತಿದ್ದರು. ಅಂಬಲಮುಗಳಿನ ರಿಫೈನರಿಯಲ್ಲಿದ್ದು ನಿವೃತ್ತರಾದವರು.

"ಸಾರ್, ದೂರದ ದಾರಿ. ಒಮ್ಮೆ ವರ್ಕ್‌ಶಾಪಿನವನಿಗೆ ತೋರಿಸಿಬಿಡಿ," ಅಂದರು.

"ಅವನಿಗೂ ಎರಡೇ ಕಣ್ಣು ಚೇಟ್ಟಾ. ನನಗೂ ಎರಡಿವೆ, ಮೇಲೆ ಕನ್ನಡಕ ಬೇರೆ."

"ಹಾಗಾದರೆ ಸರಿ," ಎಂದು ಅವರು ಒಳಗೆ ಹೋಗದೆ ಅಲ್ಲೇ ನಿಂತರು.

ನವಮಿಯ ಬೆಳಿಗ್ಗೆ ಆಯುಧಪೂಜೆ. ಹುಟ್ಟಿದೂರು ಬಿಟ್ಟು ಬಂದರೂ ಹಬ್ಬ ಬಿಡಲಾಗುತ್ತದೆಯೇ? ಜಾಕು, ಸ್ಪ್ಯಾನರು ಎರಡನ್ನೂ ದೇವರ ಮನೆಯಲ್ಲಿ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ ಮಂಗಳಾರತಿ ಮಾಡಿದೆ. ಆಮೇಲೆ ಕಾರಿಗೆ ಹಾರ, ಬೂದುಗುಂಬಳ, ಚಕ್ರದ ಕೆಳಗೆ ಕುಂಕುಮ ಹಚ್ಚಿದ ನಿಂಬೆಹಣ್ಣು.

ನಮ್ಮ ಮನೆಯ ಮುಂದೆ ಗೇಟಿನ ಕಡೆಗೆ ಇಳಿಜಾರು. ಹಿಂದಿನ ಚಕ್ರಗಳು ಸಮನೆಲದ ಮೇಲಿದ್ದವು, ಅವುಗಳ ನಿಂಬೆಹಣ್ಣು ತೆಪ್ಪಗೆ ಕೂತವು. ಮುಂದಿನ ಚಕ್ರಗಳದ್ದು ಮಾತ್ರ ಇಟ್ಟ ಕೂಡಲೇ ಉರುಳಿ ಗೇಟಿಗೆ ಹೋಗುತ್ತಿದ್ದವು. ನಮ್ಮ ಮಗಳು ಅನು ಓಡಿ ಓಡಿ ತಂದುಕೊಟ್ಟು ಕೊನೆಗೆ "ಎನಿಕ್ಕು ವಯ್ಯ ಅಚ್ಛಾ" ಎಂದು ಕೂತುಬಿಟ್ಟಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಆದರೆ ಬಾಯಿಗೆ ಬರುವುದು ಮಲಯಾಳ, ಅಪ್ಪಾ ಎನ್ನುವುದೂ ಅಚ್ಛಾ ಎಂದೇ. ತನ್ನಿಂದಾಗುವುದಿಲ್ಲ ಎನ್ನುವುದನ್ನಂತೂ ಯಾವತ್ತೂ ಕನ್ನಡದಲ್ಲಿ ಹೇಳಿದವಳಲ್ಲ.

"ಒಂದು ಕಲ್ಲು ಅಡ್ಡ ಇಡಿ ರೀ," ಅಂದಳು ವಿಶಾಲ.

ಕಲ್ಲು ಯಾರು ಬೇಕಾದರೂ ಇಡುತ್ತಾರೆ. ನಾನು ಹಿತ್ತಲಿಗೆ ಹೋಗಿ ಶೆಡ್ಡಿನ ತಗಡಿಗೆ ಹೊಡೆದು ಮಿಕ್ಕಿದ್ದ ಅಗಲ ತಲೆಯ ಉದ್ದ ಮೊಳೆ ಎರಡು ತಂದೆ. ತಲೆ ಕೆಳಗೆ, ಚೂಪು ಮೇಲೆ. ಅದರ ಮೇಲೆ ನಿಂಬೆಹಣ್ಣು ಚುಚ್ಚಿ ಚಕ್ರಕ್ಕೆ ಒತ್ತಿಟ್ಟೆ. ಪೀಠದ ಮೇಲೆ ಕೂತ ಮಠಾಧಿಪತಿಗಳ ಹಾಗೆ ಎರಡೂ ಅಲ್ಲಾಡದೆ ಕೂತವು.

"ನೋಡು," ಅಂದೆ.

"ನೋಡಿದೆ," ಅಂದಳು. "ಹೊತ್ತಾಯ್ತು, ಹೊರಡಿ."

ನಿಂಬೆಹಣ್ಣುಗಳು ಪಚಕ್ಕೆಂದವು. ನಾವು ಹೊರಟೆವು. ಹಿಂದಿನ ಸೀಟಿನಲ್ಲಿ ಅನು, ಅವಳ ತೊಡೆಯ ಮೇಲೆ ಶ್ರುತಿಪೆಟ್ಟಿಗೆ. ರೇಷ್ಮೆ ಸೀರೆ ಉಟ್ಟ ವಿಶಾಲ ಕಣ್ಣು ಮುಚ್ಚಿ ಒಳಗೊಳಗೇ ಗುನುಗುತ್ತಿದ್ದಳು. ಚೇರ್ತಲ ದಾಟುವವರೆಗೂ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ.

"ಅಚ್ಛಾ, ವಂಡಿ ಚರಿಯುನ್ನು," ಅಂದಳು ಅನು. ಗಾಡಿ ವಾಲುತ್ತಿದೆಯಂತೆ.

"ರಸ್ತೆ ವಾಲಿದೆ," ಅಂದೆ.

ಆಲಪ್ಪುಳ ಬರುವ ಹೊತ್ತಿಗೆ ಸ್ಟೀರಿಂಗ್ ತಾನೇ ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಮುಂದಿನ ಎಡ ಚಕ್ರ ಚಪಾತಿಯಾಗಿತ್ತು. ನನಗೇನೂ ಗಾಬರಿಯಾಗಲಿಲ್ಲ. ಪಂಕ್ಚರ್ ಎಂಬುದು ತಯಾರಿಲ್ಲದವರಿಗೆ ಮಾತ್ರ ಗಂಡಾಂತರ. ತೋಳು ಮಡಿಸಿ, ಡಿಕ್ಕಿ ತೆರೆದು, ಹೆಚ್ಚುವರಿ ಚಕ್ರ ಇಳಿಸಿ, ಜಾಕಿಗಾಗಿ ಕೈಚಾಚಿದೆ.

ಕೈಗೆ ಏನೂ ಸಿಗಲಿಲ್ಲ. ಇನ್ನೂ ಒಳಗೆ ಚಾಚಿದೆ. ಒಂದು ಹಳೇ ಚಪ್ಪಲಿ ಸಿಕ್ಕಿತು.

"ದೇವರ ಮನೇಲಿದೆ," ಅಂದಳು ವಿಶಾಲ, ಇಳಿಯದೆಯೇ. "ಮಣೆ ಮೇಲೆ. ಹೂ ಮುಡಿಸಿ ಕೂರಿಸಿ ಬಂದಿದ್ದೀರಲ್ಲ."

ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರೆ. ನನ್ನದು ಯುದ್ಧಕಾಲೇ ಶಸ್ತ್ರಪೂಜೆ.

ಹತ್ತಿರದಲ್ಲೇ ಒಂದು ವರ್ಕ್‌ಶಾಪ್ ತೆರೆದಿತ್ತು. ಸದ್ಯ, ಎಂದುಕೊಂಡು ಓಡಿದೆ. ಒಳಗೆ ದೀಪ ಹಚ್ಚಿದ್ದರು. ದೀಪದ ಮುಂದೆ ಬಾಳೆಎಲೆ, ಎಲೆಯ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ಸ್ಪ್ಯಾನರುಗಳು, ಸುತ್ತಿಗೆ, ಜಾಕು, ಎಲ್ಲದಕ್ಕೂ ಗಂಧದ ಬೊಟ್ಟು. ಪಕ್ಕದಲ್ಲಿ ಯಜಮಾನ ಬಿಳೀ ಪಂಚೆಯುಟ್ಟು ಕೈಕಟ್ಟಿ ಕೂತಿದ್ದ.

"ಪೂಜಯ್ಕು ವೆಚ್ಚು ಸಾರೇ," ಅಂದ. ಪೂಜೆಗೆ ಇಟ್ಟಾಗಿದೆ. ಅಷ್ಟಮಿಯ ಸಂಜೆ ಇಟ್ಟರೆ ವಿಜಯದಶಮಿಯ ಬೆಳಿಗ್ಗೆಯೇ ತೆಗೆಯುವುದು, ನಡುವೆ ಮುಟ್ಟುವಂತಿಲ್ಲ. ಇದು ಇಡೀ ಕೇರಳಕ್ಕೆ ಗೊತ್ತು. ನನಗೆ ಗೊತ್ತಿರಲಿಲ್ಲ.

ನನಗೆ ಸಿಟ್ಟು ಬಂತು. ನನ್ನ ಹರಕು ಮಲಯಾಳದಲ್ಲಿ ವಾದಕ್ಕಿಳಿದೆ. "ನಮ್ಮ ಮೈಸೂರಿನಲ್ಲಿ ಪೂಜೆ ಮಾಡಿದ ಕೂಡಲೇ ಆಯುಧ ಉಪಯೋಗಿಸುತ್ತೇವೆ. ಇದೆಂಥ ಪದ್ಧತಿ? ಕೆಲಸಕ್ಕೆ ಬೇಕಾದಾಗ ಆಯುಧಕ್ಕೆ ವಿಶ್ರಾಂತಿಯೇ?"

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ವಿಶಾಲ, "ನಮ್ಮ ಜಾಕೂ ವಿಶ್ರಾಂತಿ ತಗೊಳ್ತಾ ಇದೆ ಅಂತ ಹೇಳಿ," ಅಂದಳು. ನಾನು ವಾದ ನಿಲ್ಲಿಸಿದೆ.

ಮುಂದಿನ ಗ್ಯಾರೇಜಿನ ಯಜಮಾನರು ಕ್ರೈಸ್ತರು. ನನ್ನ ಮುಖ ಅರಳಿತು. "ನನ್ನದೇನೂ ಅಡ್ಡಿಯಿಲ್ಲ ಸಾರ್," ಅಂದರು ಅವರು ನೊಂದುಕೊಂಡು, "ಆದರೆ ಕೆಲಸದವರು ಸಾಮಾನೆಲ್ಲ ಒಯ್ದು ದೇವಸ್ಥಾನದಲ್ಲಿ ಪೂಜೆಗೆ ಕೊಟ್ಟಿದ್ದಾರೆ. ನಾನೇ ನಿನ್ನೆಯಿಂದ ಒಂದು ಬೋಲ್ಟು ಬಿಗಿ ಮಾಡಲಾಗದೆ ಕೂತಿದ್ದೇನೆ." ಪಾಪ, ಕೂರಲು ಕುರ್ಚಿ ಕೊಟ್ಟು ನಿಂಬೆಹಣ್ಣಿನ ಶರಬತ್ತು ತರಿಸಿದರು. ನಿಂಬೆಹಣ್ಣಿನದು ಎಂಬುದು ಆಗ ನನಗೆ ವಿಶೇಷವೆನಿಸಲಿಲ್ಲ.

"ಇಲ್ಲಿಂದ ಬಸ್ಸಿಗೆ ಹೋಗೋಣ," ಅಂದಳು ವಿಶಾಲ.

"ಇನ್ನೇನು, ಆಯ್ತು," ಅಂದೆ. ಆ ಮಾತನ್ನು ಬಿಸಿಲು ಇಳಿಯುವವರೆಗೆ ಹೇಳಿದೆ. ಕೊನೆಗೆ ಒಬ್ಬ ಟ್ಯಾಕ್ಸಿ ಡ್ರೈವರ್ ಮನಸ್ಸು ಕರಗಿ, ಬಾಡಿಗೆಗೆ ಓಡುತ್ತಿರುವ ಗಾಡಿಯ ಜಾಕಿಗೆ ರಜೆಯಿಲ್ಲ ಎನ್ನುತ್ತ ಚಕ್ರ ಬದಲಿಸಿಕೊಟ್ಟ. ನಾನು ಮತ್ತೆ ಸ್ಟೀರಿಂಗ್ ಹಿಡಿದು, "ಕಷ್ಟ ಮುಗೀತು ಅಂತ ತಿಳ್ಕೋ," ಅಂದೆ.

ಕೊಲ್ಲಂ ಊರೊಳಗೆ ಹೋಗುತ್ತಿದ್ದಂತೆ ಕಾರು ಬಲಕ್ಕೆ ವಾಲಿತು.

ವಿಶಾಲ ಇಳಿದಳು. ಶ್ರುತಿಪೆಟ್ಟಿಗೆ ಕಂಕುಳಿಗೆ ಸೇರಿಸಿಕೊಂಡು, ಮಗಳ ಕೈ ಹಿಡಿದು, ಸೀರೆಯ ನೆರಿಗೆ ಎತ್ತಿ ಹಿಡಿದು ಬಸ್ ನಿಲ್ದಾಣದ ಕಡೆಗೆ ನಡೆದಳು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆ ಓಡಿದೆ.

"ಕಾರು ಬಿಟ್ಟು ಬರಬೇಡಿ. ನೀವು ಅದನ್ನೇ ನೋಡ್ಕೊಳ್ಳಿ," ಅಂದಳು ತಿರುಗಿ. "ಅದಕ್ಕೆ ತಾನೇ ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದು."

ಬಸ್ಸು ತುಂಬಿ ತುಳುಕುತ್ತಿತ್ತು. ಇಸ್ತ್ರಿ ಮಾಡಿದ ರೇಷ್ಮೆ ಸೀರೆಯಲ್ಲಿ ಅವಳು ಕಂಬ ಹಿಡಿದು ನಿಂತದ್ದು ಕಿಟಕಿಯಿಂದ ಕಾಣಿಸಿತು. ನನಗೆ ನಾಚಿಕೆಯಾಯಿತು, ನಿಜವಾಗಿ ಆಯಿತು. ತಪಾಸಣೆಗೆ ಹೋದ ಯಾವ ಶಾಖೆಯಲ್ಲೂ ಇಷ್ಟು ದೊಡ್ಡ ನಷ್ಟ ನಾನು ಕಂಡಿರಲಿಲ್ಲ.

ರಾತ್ರಿ, ಮುಚ್ಚಿದ ಒಂದು ವರ್ಕ್‌ಶಾಪಿನ ಮುಂದೆ ಕಾರಿನಲ್ಲಿ ಕೂತಿದ್ದಾಗ ಮೊಬೈಲ್ ಹೊಡೆದುಕೊಂಡಿತು. ವಿಶಾಲಳ ಫೋನು. ಆದರೆ ಮಾತಿಲ್ಲ, ಶ್ರುತಿ. ಅನು ಅಮ್ಮನ ಫೋನನ್ನು ವೇದಿಕೆಯ ಹತ್ತಿರ ಹಿಡಿದುಕೊಂಡಿದ್ದಳು. ಆಮೇಲೆ ಹಾಡು ಬಂತು. ಮಿಕ್ಸಿಯ ಆಚೆಯಿಂದ ಒಂದು ತಿಂಗಳು ಕೇಳಿದ್ದ ಅದೇ ದೇವರನಾಮ, ಆದರೆ ಇದು ನಾನು ಕೇಳಿದ್ದ ದನಿಯಲ್ಲ. ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದವಳ ದನಿ ಅಂತ ಯಾರೂ ಹೇಳುವಂತಿರಲಿಲ್ಲ. ಇಷ್ಟು ವರ್ಷ ಇದನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದೆನಲ್ಲ ಎಂದು ಕಣ್ಣು ತುಂಬಿತು. ಕನ್ನಡಕ ತೆಗೆದು ಒರೆಸಿದೆ.

ಕೊನೆಯ ನುಡಿ ಎತ್ತಿಕೊಂಡಳು. ಫೋನು ಕಟ್ಟಾಯಿತು.

ಅವಳ ಫೋನಿನ ಕರೆನ್ಸಿ ಮುಗಿದಿತ್ತು. ಎಲ್ಲಕ್ಕಿಂತ ಸಣ್ಣ ರೀಚಾರ್ಜ್ ಸಾಕು ಎಂದು ಹಾಕಿಸಿದವನು ನಾನೇ.

ವಿಜಯದಶಮಿಯ ಬೆಳಿಗ್ಗೆ ವರ್ಕ್‌ಶಾಪಿನವ ಪೂಜೆಯಿಂದ ಸಾಮಾನು ಎತ್ತಿ ಕಣ್ಣಿಗೊತ್ತಿಕೊಂಡು ಬಂದ. ಮೊದಲ ಕೆಲಸ ನನ್ನ ಟೈರೇ. ಆ ಹೊತ್ತಿಗೆ ವಿಶಾಲ, ಅನು ಮೊದಲ ಬಸ್ಸಿಗೆ ಬಂದಿಳಿದರು. ಅವಳ ಕೈಯಲ್ಲಿ ಒಂದು ಶಾಲು, ಹಣ್ಣಿನ ಬುಟ್ಟಿ. ನಾನು ಏನೋ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೆಕ್ಯಾನಿಕ್ ಟೈರಿನಿಂದ ಮೊಳೆ ಕಿತ್ತು, ಅದನ್ನು ಕಣ್ಣ ಹತ್ತಿರ ಹಿಡಿದು, ಕೆಂಡ ಮುಟ್ಟಿದವನಂತೆ ಕೆಳಗೆ ಹಾಕಿದ. ಮೊಳೆಯ ಬುಡದಲ್ಲಿ ಒಣಗಿದ ನಿಂಬೆ ಸಿಪ್ಪೆ, ಅದಕ್ಕೆ ಕುಂಕುಮ.

"ಸಾರ್," ಅಂದ ಮೆಲ್ಲಗೆ. "ಇದು ಮಾಟ."

ಡಿಕ್ಕಿಯಲ್ಲಿದ್ದ ಇನ್ನೊಂದು ಟೈರನ್ನೂ ತೆಗೆಸಿದ. ಅದರಲ್ಲೂ ಅಂಥದೇ ಮೊಳೆ, ಅಂಥದೇ ಸಿಪ್ಪೆ, ಅಂಥದೇ ಕುಂಕುಮ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಿಂಬೆಹಣ್ಣಿಗೆ ಮೊಳೆ ಚುಚ್ಚಿ ನಿಮ್ಮ ಗಾಡಿಗೆ ಹಾಕಿದ್ದಾರೆ. ಎರಡೂ ಒಬ್ಬನದೇ ಕೈವಾಡ. ಶತ್ರುಗಳು ಯಾರಾದರೂ ಇದ್ದಾರಾ?"

ತಪಾಸಣೆಯವನಿಗೆ ಶತ್ರುಗಳಿಗೆ ಬರವೇ? ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹೋದ ತಿಂಗಳು ಮಟ್ಟಾಂಚೇರಿಯಲ್ಲಿ ನಾನು ನೀರಿಳಿಸಿದ್ದ ಒಬ್ಬ ಮ್ಯಾನೇಜರರ ಮುಖ ಕಣ್ಣ ಮುಂದೆ ಬಂತು. ಇವನೇ, ಎಂದು ಹಲ್ಲು ಕಡಿದೆ.

ವಿಶಾಲ ಬಗ್ಗಿ ಮೊಳೆ ಎತ್ತಿಕೊಂಡಳು. ಅಗಲ ತಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ನನಗೆ ಆಗ ಇಳಿಜಾರು, ಹಿತ್ತಲಿನ ಶೆಡ್ಡು, ಪೀಠದ ಮೇಲೆ ಕೂತ ಇಬ್ಬರು ಮಠಾಧಿಪತಿಗಳು, ಎಲ್ಲ ಒಟ್ಟಿಗೆ ನೆನಪಾದವು.

"ಯಾರು ಅಂತ ನನಗೆ ಗೊತ್ತು," ಅಂದಳು ಮೆಕ್ಯಾನಿಕ್‌ಗೆ, ಅವನ ಭಾಷೆಯಲ್ಲೇ.

"ಅಂಥವನನ್ನು ಮನೆಗೆ ಸೇರಿಸಬೇಡಿ ಚೇಚಿ."

"ಹೇಳೋದು ತಡ ಮಾಡಿದ್ರಿ. ಸೇರಿಸಿ ಹದಿನಾಲ್ಕು ವರ್ಷ ಆಯ್ತು."

ವಾಪಸ್ ಬರುವಾಗ ಚೇರ್ತಲ ದಾಟಿದ ಮೇಲೆ ಧೈರ್ಯ ಮಾಡಿ, "ಕೊನೇ ನುಡಿ ಕೇಳೋಕಾಗಲಿಲ್ಲ ಕಣೆ," ಅಂದೆ. "ಮೊದಲು ಮನೆ ತಲುಪೋಣ," ಅಂದಳು.

ಮನೆ ತಲುಪಿದ ಮೇಲೆ ಕೈಕಾಲು ತೊಳೆದು ದೇವರ ಮನೆಗೆ ಹೋಗಿ ದೀಪ ಹಚ್ಚಿದಳು. ನಾನು ಬಾಗಿಲಲ್ಲಿ ನಿಂತೆ. ಕಣ್ಣು ಮುಚ್ಚಿ ಆ ಕೊನೆಯ ನುಡಿಯನ್ನು ಪೂರ್ತಿ ಹಾಡಿದಳು. ಮಿಕ್ಸಿ ಇರಲಿಲ್ಲ, ಫೋನು ಕಟ್ಟಾಗಲಿಲ್ಲ. ಹಾಡು ಮುಗಿಸಿ ದೇವರಿಗೆ ಆರತಿ ಎತ್ತಿದಳು. ಆಮೇಲೆ ಮಣೆಯ ಮೇಲೆ ಬಾಡಿದ ಚೆಂಡುಹೂ ಮುಡಿದು ಕೂತಿದ್ದ ಜಾಕಿಗೂ ಎತ್ತಿದಳು.

"ಅದಕ್ಯಾಕೆ?" ಅಂದೆ.

"ಈ ಮನೇಲಿ ನೆನ್ನೆ ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಕೂತಿದ್ದವನು ಇವನೊಬ್ಬನೇ," ಅಂದಳು.